ಮರಿಯಮ್ಮನ ಹಳದಿ ಹೂವು

ಹೆಲನ್ ಟೀಚರ್ ಉಗುರಿನಿಂದ ಹೂವನ್ನು ಸೀಳಿಯೇಬಿಟ್ಟಿದ್ದರು. ಆರು ಹಳದಿ ದಳ, ಆರು ಕೇಸರ. “ನೆಲತಾಳೆಯೇ ಮಾರಾಯ್ತಿ! ಕೆಂಪುಕಲ್ಲಿನ ಒಣಗುಡ್ಡದ್ದು. ಗಡ್ಡೆ ಮಣ್ಣಿನೊಳಗೇ ಇದ್ದು ವರ್ಷವರ್ಷ ಚಿಗುರ್ತದೆ,” ಎಂದರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅದೇ ಗತ್ತಿನಲ್ಲಿ.

“ಅದು ಮರಿಯಮ್ಮನಿಗೆ ತಂದದ್ದು, ಟೀಚರ್,” ಎಂದಳು ಪುಟ್ಟ ನೆಲ್ಲಿ.

ತಾವು ಇಗರ್ಜಿಯಲ್ಲಿದ್ದೇವೆ ಎಂಬುದು ಅವರಿಗೆ ನೆನಪಾದದ್ದೇ ಆಗ. ಸಾವಿರದ ಒಂಬೈನೂರ ಐವತ್ತೆಂಟರ ಮೊಂತಿ ಫೆಸ್ತು, ಮರಿಯಮ್ಮ ಹುಟ್ಟಿದ ದಿನದ ಕ್ರೈಸ್ತರ ಹಬ್ಬ; ಬಾಲ ಮರಿಯಮ್ಮನಿಗೆ ಹೂ ಹಾಕಲು ಮಕ್ಕಳು ಸಾಲಾಗಿ ನಿಂತಿದ್ದರು. ಉಳಿದವರ ತಟ್ಟೆ ತುಂಬ ಗೊಂಡೆ, ದಾಸವಾಳ. ಪಡೀಲಿನ ಗುಡ್ಡವೆಲ್ಲ ಅಲೆದ ನೆಲ್ಲಿಗೆ ಸಿಕ್ಕಿದ್ದು ಇದೊಂದೇ. ಟೀಚರ್ ತಲೆ ತಗ್ಗಿಸಿದರು.

ನೆಲ್ಲಿ ದಳಗಳನ್ನು ಹೆಕ್ಕಿ, ಅರ್ಧವನ್ನು ಅವರ ಅಂಗೈಗಿಟ್ಟಳು.

“ನೀವು ಹೂವೇ ತರ್ಲಿಲ್ಲ ಅಲ್ವಾ ಟೀಚರ್? ಇದನ್ನು ಹಾಕಿ.”