ಹಗ್ಗವಿಲ್ಲದ ದೋಣಿ

"ಹಗ್ಗ" ಎಂಬ ಮಾತು ಅವಳ ಬಾಯಿಂದ ಜಾರಿದ್ದೇ ತಡ, ಭಾವ ಪರೀಕ್ಷೆಯ ಕಾಗದದ ಮೇಲೆ ಕೆಂಪು ಗೆರೆ ಎಳೆದೇಬಿಟ್ಟ.

"ಎಷ್ಟು ಸಲ ಹೇಳಬೇಕಮ್ಮ ನಿನಗೆ? ದೋಣೀಲಿ ಹಗ್ಗ ಅನ್ನೋದೇ ಇಲ್ಲ. ಹಾಯಿ ಏರಿಸೋದು ಹ್ಯಾಲ್ಯಾರ್ಡ್. ಹಾಯೀನ ಬಿಗಿ ಮಾಡಿ ಸಡಿಲ ಬಿಡೋದು ಶೀಟ್. ದೋಣಿ ಮೂತಿಗೆ ಕಟ್ಟಿರೋದು ಪೇಂಟರ್. ಹಗ್ಗ ಬೇಕಿದ್ರೆ ಬಟ್ಟೆ ಒಣಗಿಸೋ ಕಡೆ ಹೋಗು."

"ಹ್ಯಾಲ್ಯಾರ್ಡ್, ಹ್ಯಾಲ್ಯಾರ್ಡ್," ಎಂದು ಅವಳು ತಿದ್ದಿಕೊಂಡಳು.

"ಈಗ ಹೇಳಿ ಏನು ಬಂತು? ಇಪ್ಪತ್ತಕ್ಕೆ ಹದಿನೆಂಟು. ಇನ್ನೊಂದು ಹೋಗಿದ್ರೆ ಫೇಲು, ಅಂಚಿಗೆ ಬಂದು ನಿಂತಿದೀಯ. ನಡಿ ನೀರಿಗೆ."

ಭಾವ ಎಂದರೆ ಸ್ವಂತ ಅಕ್ಕನ ಗಂಡ, ಸರೋವರದ ದಡದ ಹಾಯಿದೋಣಿ ಶಾಲೆಯ ಮಾಸ್ತರ. ಅವಳು ಅದೇ ಶಾಲೆಯ ಅಟ್ಟದ ಕೋಣೆಯಲ್ಲಿ ಹರಿದ ಹಾಯಿ ಹೊಲಿಯುವವಳು. ಶಾಲೆಯವರು ಎಸೆದಿದ್ದ ಒಂದು ಮುರುಕು ದೋಣಿಯನ್ನು ನಾಲ್ಕು ವರ್ಷ ಉಜ್ಜಿ, ಬೆಸೆದು, ಬಣ್ಣ ಬಳಿದು, ಉಳಿದ ತುಂಡುಗಳಲ್ಲೇ ಅದಕ್ಕೊಂದು ಹಾಯಿ ಹೊಲಿದುಕೊಂಡಿದ್ದಳು. ಆದರೆ ಪರೀಕ್ಷೆ ಪಾಸಾಗದೆ ನೀರಿಗಿಳಿಸುವ ಹಾಗಿಲ್ಲ. ಭಾನುವಾರ ಶಾಲೆಯವರು ದೋಣಿ ಇಟ್ಟಿರುವ ಶೆಡ್ಡು ಖಾಲಿ ಮಾಡುತ್ತಾರಂತೆ. ನೀರಿಗಿಳಿಯದ ದೋಣಿಗಳೆಲ್ಲ ಗುಜರಿಗೆ. ಹಿಂದೆ ಎರಡು ಸಲ ಈ ಹಾಳು ಹೆಸರುಗಳಲ್ಲೇ ಫೇಲಾಗಿದ್ದಳು. ಈ ಸಲ ಬಿಟ್ಟರೆ ದೋಣಿಯೇ ಇರುವುದಿಲ್ಲ.

ಅದಕ್ಕೇ ಪಟ್ಟು ಹಿಡಿದು ಕಲಿತಿದ್ದಳು. ಕೋಣೆಯ ಪರದೆಯ ದಾರದಿಂದ ಹಿಡಿದು ಮೇಜಿನ ಕಾಲಿನವರೆಗೆ ಎಲ್ಲಕ್ಕೂ ಬಟ್ಟೆಯ ಚೀಟಿ ಕಟ್ಟಿ ಹೆಸರು ಬರೆದಿದ್ದಳು. ಎಡಕ್ಕೆ ಪೋರ್ಟ್, ಬಲಕ್ಕೆ ಸ್ಟಾರ್‌ಬೋರ್ಡ್. ಅಕ್ಕ ಬಂದು "ನನ್ನ ಕನ್ನಡಕ ಎಲ್ಲಿಟ್ಟೆನೇ?" ಎಂದರೆ "ಸ್ಟಾರ್‌ಬೋರ್ಡಿನಲ್ಲಿ ನೋಡು" ಎನ್ನುವಷ್ಟು ತಲೆಗೇರಿತ್ತು.

ನೀರಿನ ಮೇಲೆ ಎರಡೇ ಕೆಲಸ ಬಾಕಿ. ಮೊದಲು ಭಾವನ ಜೊತೆಗಾರ್ತಿಯಾಗಿ ಕೂತು ದೋಣಿ ತಿರುಗಿಸುವುದಕ್ಕೆ ನೆರವಾಗಬೇಕು. ಆಮೇಲೆ ಒಂದು ಹಳದಿ ಡಬ್ಬವನ್ನು ನೀರಿಗೆಸೆದು, ಅದನ್ನೇ ಮುಳುಗುವ ಮನುಷ್ಯನೆಂದುಕೊಂಡು, ತಾನೇ ಚುಕ್ಕಾಣಿ ಹಿಡಿದು ತಿರುಗಿ ಬಂದು ಎತ್ತಿಕೊಳ್ಳಬೇಕು. ಅಕ್ಕ ದಡದ ಕಟ್ಟೆಯ ಮೇಲೆ ಟವೆಲು ಹಿಡಿದು ಕೂತಿದ್ದಳು.

ಗಾಳಿ ಚೆನ್ನಾಗಿತ್ತು. ಭಾವ ಚುಕ್ಕಾಣಿಯ ಮೇಲೆ ಕೈಯಿಟ್ಟು ಕೂಗಿದ, "ತಿರುಗಿಸ್ತೀನಿ. ಸಿದ್ಧಾನಾ?"

ಜೊತೆಗಿದ್ದವರು "ಸಿದ್ಧ" ಎನ್ನುವವರೆಗೆ ತಿರುಗಿಸಕೂಡದು. ಇದು ಅವನೇ ಮೊದಲ ದಿನ ಕಲಿಸಿದ ಪಾಠ. ಅವಳು ಬಾಯಿ ತೆರೆದವಳು ಅವನ ಕಾಲಿನ ಕಡೆ ನೋಡಿದಳು. ಶೀಟು ಪಾದಕ್ಕೆ ಒಂದು ಸುತ್ತು ಸುತ್ತಿಕೊಂಡಿತ್ತು.

"ಸಿದ್ಧ ಇಲ್ಲ."

"ಏನಂದೆ?"

"ಸಿದ್ಧ ಇಲ್ಲ ಅಂದೆ. ನಿಮ್ಮ ಕಾಲು..."

"ನನ್ನ ಕಾಲು ನನಗೆ ಗೊತ್ತು! ಮಾಸ್ತರು ಕೇಳಿದ್ರೆ ಸಿದ್ಧ ಅನ್ನಬೇಕು, ಅಷ್ಟೇ. ಎದುರುತ್ತರ ಕೊಟ್ರೆ ಇಲ್ಲೇ ಫೇಲು ಮಾಡ್ತೀನಿ ನೋಡು. ಸಿದ್ಧ ಅನ್ನು!"

ಒಂದು ಮಾತು ಅಂದರೆ ದೋಣಿ ಉಳಿಯುತ್ತದೆ. ಶೆಡ್ಡಿನ ಮೂಲೆಯಲ್ಲಿ ಬಣ್ಣ ಬಣ್ಣದ ತೇಪೆಯ ಹಾಯಿ ಸುತ್ತಿಕೊಂಡು ಕಾಯುತ್ತಿರುವ ಅದು ಕಣ್ಣಿಗೆ ಕಟ್ಟಿತು. ಆದರೂ ನೋಡಿದ್ದನ್ನು ನೋಡಿಲ್ಲ ಅನ್ನುವುದು ಹೇಗೆ?

"ಫೇಲು ಮಾಡಿ," ಎಂದಳು. "ಆದ್ರೂ ಸಿದ್ಧ ಇಲ್ಲ."

ಭಾವನಿಗೆ ಉರಿದುಹೋಯಿತು. ಚುಕ್ಕಾಣಿಯನ್ನು ಒಂದೇ ಏಟಿಗೆ ನೂಕಿದ. ದೋಣಿ ವಾಲಿತು, ಹಾಯಿ ಆ ಬದಿಯಿಂದ ಈ ಬದಿಗೆ ಬೀಸಿತು, ಜಾಗ ಬದಲಿಸಲು ಎದ್ದವನ ಕಾಲನ್ನು ಶೀಟು ಹಿಡಿದೆಳೆಯಿತು. ಮಾಸ್ತರ ದೊಪ್ಪನೆ ನೀರಿಗೆ ಬಿದ್ದ. ಅವನ ಒಂದು ಚಪ್ಪಲಿ ಮಾತ್ರ ಆ ಸುತ್ತಿನಲ್ಲೇ ಸಿಕ್ಕಿಕೊಂಡು ಉಳಿಯಿತು.

ತೇಲುವ ಜಾಕೆಟ್ಟು ಅವನನ್ನು ಮೇಲಕ್ಕೆತ್ತಿದ್ದು ಕಂಡ ಮೇಲೇ ಅವಳಿಗೆ ಉಸಿರು ಬಂದದ್ದು.

"ಹಗ್ಗ! ಹಗ್ಗ ಎಸಿಯೇ!"

"ಯಾವ ಹಗ್ಗ ಭಾವ? ದೋಣೀಲಿ ಹಗ್ಗ ಅನ್ನೋದೇ ಇಲ್ವಲ್ಲ!"

ಭಾವ ಬಾಯಲ್ಲಿದ್ದ ನೀರು ಉಗುಳಿದ. "ಪೇಂಟರ್! ಪೇಂಟರ್ ಎಸಿ ತಾಯಿ!"

"ಅದು ಅಲ್ಲೀತನಕ ಎಟಕಲ್ಲ. ನಾನೇ ಬರ್ತೀನಿ, ಇರಿ."

ಅವಳು ಚುಕ್ಕಾಣಿ ಹಿಡಿದು ಕೂತಳು. ಕಾಲ ಬಳಿ ಉರುಳಾಡುತ್ತಿದ್ದ ಹಳದಿ ಡಬ್ಬವನ್ನು, ಇನ್ನು ಇದೇಕೆ ಎಂಬಂತೆ, ಪಕ್ಕಕ್ಕೆ ತಳ್ಳಿದಳು. ಶೀಟು ಎಳೆದಳು, ಹಾಯಿ ಗಾಳಿ ಕುಡಿಯಿತು, ದೋಣಿ ಭಾವನಿಂದ ದೂರ ಸಾಗಿತು.

"ಏಯ್! ಎಲ್ಲಿಗೆ ಹೋಗ್ತಿದೀಯೇ?"

ತಿರುಗುವುದಕ್ಕೆ ಬೇಕಾದಷ್ಟು ವೇಗ ಬಂತು. ಅವಳು ಕತ್ತು ಹೊರಳಿಸಿ ದಡಕ್ಕೂ ಕೇಳುವಂತೆ ಕೂಗಿದಳು.

"ತಿರುಗಿಸ್ತೀನಿ. ಸಿದ್ಧಾನಾ?"

"ಯಾರನ್ನ ಕೇಳ್ತಿದೀಯ? ದೋಣೀಲಿ ಯಾರಿದಾರೆ?"

"ನಿಮ್ಮನ್ನೇ ಕೇಳ್ತಿರೋದು. ಉತ್ತರ ಬರೋವರೆಗೂ ತಿರುಗಿಸಲ್ಲ. ನೀವೇ ಕಲಿಸಿದ್ದು."

ದಡದಲ್ಲಿ ಅಕ್ಕ ಎದ್ದು ನಿಂತಿದ್ದಳು. ಟವೆಲು ಬಾಯಿಗೆ ಅಡ್ಡ ಹಿಡಿದಿದ್ದಳು. ನೀರಿನ ಮೇಲೆ ಮಾಸ್ತರನ ತಲೆಯೊಂದೇ ಕಾಣುತ್ತಿತ್ತು. ಅದು ಅತ್ತ ನೋಡಿತು, ಇತ್ತ ನೋಡಿತು, ಕೊನೆಗೆ ಅವಳ ಕಡೆ ನೋಡಿತು.

"ಸಿದ್ಧ," ಎಂದಿತು ತಲೆ.