ಹಿಂದಿನ ಸೀಟು

ಯಾವ ವಾರ್ನಿಷ್ ನೀರು ತಡೆಯುತ್ತದೆಂದು ನೋಡಲು ಶೆಡ್ಡಿನ ಪಕ್ಕದ ತೊಟ್ಟಿಯಲ್ಲಿ ನೆನೆಹಾಕಿದ್ದ ಮರದ ಎರಡು ಪಟ್ಟಿಗಳನ್ನು ಚನ್ನಾಜಮ್ಮ ಎತ್ತಿದಳು. ಗಟ್ಟಿ ವಾರ್ನಿಷ್ ಬಳಿದ ಪಟ್ಟಿ ಹಾಕಿದ್ದು ಹಾಕಿದ ಹಾಗೇ ಇತ್ತು. ಹಗುರ ವಾರ್ನಿಷ್ ಬಳಿದ ಪಟ್ಟಿಗೆ ಮೈತುಂಬ ಗುಳ್ಳೆ. ಉಗುರು ತಾಕಿಸಿದ್ದೇ ತಡ, ಸಿಪ್ಪೆ ಎದ್ದು ಬಂತು. ಒಳಗೆ ಮರ ಕಪ್ಪಾಗಿತ್ತು.

ಈ ಹಗುರ ವಾರ್ನಿಷೇ ಗೆಲ್ಲಲಿ ಎಂದು ಅವಳು ದೇವರಲ್ಲಿ ಬೇಡಿಕೊಂಡಿದ್ದಳು. ವಾಯುಪಡೆಯಿಂದ ನಿವೃತ್ತನಾಗಿ ಬಂದ ಗಂಡ ನಂಜೇಶ, ಹುಲ್ಲಹಳ್ಳಿಯ ಹಳೆ ರೈಸ್‌ಮಿಲ್ಲಿನ ಶೆಡ್ಡಿನಲ್ಲಿ ಕಟ್ಟುತ್ತಿದ್ದ ಮರದ ಪುಟ್ಟ ವಿಮಾನಕ್ಕೆ ಎರಡು ಸೀಟು. ಮುಂದಿನದು ಅವನದು, ಹಿಂದಿನದು ಇವಳದು. ಇಂಜಿನ್ ಚಿಕ್ಕದು. ಇಬ್ಬರೂ ಕೂತರೆ ಅದು ಎತ್ತುವಷ್ಟು ಭಾರಕ್ಕೆ ಸರಿಹೋಗುತ್ತಿತ್ತು, ಅದೂ ಇವಳು ಅನ್ನ ಬಿಟ್ಟು, ಹಬ್ಬದಲ್ಲೂ ಒಬ್ಬಟ್ಟಿನತ್ತ ತಿರುಗಿ ನೋಡದೆ ಮೈ ಇಳಿಸಿದ ಮೇಲೆ. ಮರಕ್ಕೆಲ್ಲ ಗಟ್ಟಿ ವಾರ್ನಿಷ್ ಬಳಿದರೆ ಭಾರ ಮೀರುತ್ತಿತ್ತು. ಹಿಂದಿನ ಸೀಟು ಖಾಲಿ ಹೋಗಬೇಕಿತ್ತು.

ನಂಜೇಶ ಎಲ್ಲೆಲ್ಲೋ ನೌಕರಿಯಲ್ಲಿದ್ದ ವರ್ಷಗಳಲ್ಲಿ ಇವಳು ಇಲ್ಲಿ ನಾಟಿ ಹಾಕುತ್ತಾ, ಮಂಡಕಳ್ಳಿಯ ನಿಲ್ದಾಣಕ್ಕೆ ಇಳಿಯುವ ವಿಮಾನದ ಸದ್ದಾದರೆ ಪೈರಿನ ಕಟ್ಟು ಹಿಡಿದೇ ನೆಟ್ಟಗೆ ನಿಂತು ನೋಡುತ್ತಿದ್ದಳು. ಒಂದೇ ಒಂದು ಸಲ ಅಲ್ಲಿಂದ ಕೆಳಗೆ ನೋಡಬೇಕು. ಗಂಡನನ್ನು ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಕೇಳಿದ್ದು ಇದೊಂದನ್ನೇ.

ಕೆಟ್ಟ ಪಟ್ಟಿಯನ್ನು ತಿಪ್ಪೆಗೆಸೆದು ಎರಡೂ ಚೆನ್ನಾಗಿದ್ದವು ಎಂದುಬಿಟ್ಟರೆ? ನಂಜೇಶ ನಂಬುತ್ತಿದ್ದ. ಹೆಂಡತಿ ಹೇಳಿದ್ದೆಲ್ಲ ನಂಬುವ ಗುಣ ಆ ಮನುಷ್ಯನಿಗೆ ಮೊದಲಿನಿಂದಲೂ ಇತ್ತು. ಅದೇ ಅವಳ ಕೈ ಕಟ್ಟಿಹಾಕಿತು. ಆ ರೆಕ್ಕೆಗಳ ನಡುವೆ ಕೂರುವವನೂ ಅವನೇ ತಾನೆ? ಎರಡೂ ಪಟ್ಟಿಗಳನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು.

"ಯಾವ್ದು ತಡ್ಕೊಂಡದೆ?" ರೆಕ್ಕೆಗೆ ಉಪ್ಪುಕಾಗದ ಉಜ್ಜುತ್ತಿದ್ದ ನಂಜೇಶ ತಿರುಗದೆಯೇ ಕೇಳಿದ.

"ಗಟ್ಟೀದು."

ಅವನು ಪಟ್ಟಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

"ಇಂಗ್ ಮಾಡುವ. ಅಗುರದ್ದೇ ಬಳೀತೀನಿ. ಒಂದ್ಸಲ ನಿನ್ನ ಮೇಲ್ಕೆ ಕರ್ಕೊಂಡ್ ಓಯ್ತೀನಿ. ಆಮೇಲೆ ಕೆರ್ದು ಗಟ್ಟೀದು ಬಳುದ್ರಾಯ್ತು."

"ರೆಕ್ಕೆಗೆ ಬಟ್ಟೆ ಸುತ್ತಿ ಅಂಟಿಸ್ಬುಟ್ ಮೇಲೆ ಒಳಗ್ಲ ಮರ ಎಂಗ್ರೀ ಕೆರೆಯೋದು? ನೀವೇ ಏಳಿದ್ರಲ್ಲ."

"ಅಂಗಾರೆ ನಾನೂ ಊಟ ಕಮ್ಮಿ ಮಾಡ್ತೀನಿ ಬುಡು."

"ನಿಮ್ ಮೈಯಲ್ಲಿ ಇನ್ನೇನದೆ ಇಳ್ಸಕ್ಕೆ? ಮೂಳೆನಾ?" ಚನ್ನಾಜಮ್ಮ ನಗಲು ಹೋದಳು. "ನಾನ್ ಇಳ್ಸಿದ್ದನ್ನೆಲ್ಲ ನಿಮ್ ವಾರ್ನಿಷ್ ನುಂಗ್ಕೊಂಡ್ತು ಕಣ್ರೀ." ನಗು ಅರ್ಧಕ್ಕೇ ನಿಂತು ಅಳು ಬಂತು. ಬಚ್ಚಿಡುವ ಗೋಜಿಗೆ ಹೋಗಲಿಲ್ಲ, ಅತ್ತಳು. ನಂಜೇಶ ಕೈಯಲ್ಲಿದ್ದ ಉಪ್ಪುಕಾಗದವನ್ನೇ ಮಡಚುತ್ತಾ ನಿಂತ.

"ನಾಳೆನೇ ಬಳೀರಿ, ಗಟ್ಟೀದೇ," ಎಂದಳು ಮುಖ ಒರೆಸಿಕೊಂಡು. "ಅದಕ್ ಮುಂಚೆ ಒಂದ್ಸಲ ಕೂತ್ಕತೀನಿ."

ಅವನು ಸ್ಟೂಲ್ ತಂದಿಟ್ಟು ಕೈಹಿಡಿದು ಹತ್ತಿಸಿದ. ಸೀರೆಯ ನೆರಿಗೆ ಒಟ್ಟುಮಾಡಿಕೊಂಡು ಅವಳು ಹಿಂದಿನ ಸೀಟಿನಲ್ಲಿ ಕೂತಳು, ಅವನು ಮುಂದಿನದರಲ್ಲಿ. ಎರಡೂ ಕಡೆ ಬರಿಯ ಕಡ್ಡಿಗಳ ರೆಕ್ಕೆ. ಹೊರಗೆ ನಂಜನಗೂಡಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಚನ್ನಾಜಮ್ಮ ಬೆಲ್ಟ್ ಬಿಗಿದು ಕಣ್ಣು ಮುಚ್ಚಿದಳು.

"ಎಲ್ಲಿಗ್ ಬಂದ್ವಿ?"

ನಂಜೇಶ ರೆಕ್ಕೆಯಾಚೆಗೆ ಬಗ್ಗಿದ. "ಕಳಲೆ ಮೇಲಿದ್ದೀವಿ. ದೇವಸ್ಥಾನ ಬೆಂಕಿಪೊಟ್ಣದಷ್ಟು ಕಾಣ್ತದೆ."

"ನಮ್ ಗದ್ದೆ?"

"ಅಗೋ, ನಾಲೆ ತಿರುವಿನ್ ತಾವ. ಅಸಿರೋ ಅಸಿರು."

ಅವನು ಹೊಳೆ ತೋರಿಸಿದ, ದೇವನೂರಿನ ದಾರಿ ತೋರಿಸಿದ. ಕೊನೆಗೆ ಹಿಂದೆ ತಿರುಗಿ, "ಸಾಕು ಚನ್ನಾಜಿ, ಕಣ್ ಬುಡು," ಎಂದ.

"ಇನ್ನೊಸಿ ತಡೀರಿ," ಎಂದಳು ಅವಳು. "ಕಣ್ ಬುಟ್ರೆ ಇಳೀಬೇಕಾಯ್ತದೆ."