ಹಿಂದಿನ ಉದ್ಯೋಗ

"ಎರಡೇ ವರ್ಷದ ತಿದ್ದುಪಡಿ," ಎನ್ನುತ್ತ ಮಾಬ್ಲೇಶ್ವರ ಹೆಗಡೆಯವರು ಅರ್ಜಿಯನ್ನು ಹಾಲಮ್ಮನ ಕಡೆಗೆ ಸರಿಸಿದರು. "ರಿಜಿಸ್ಟರಿನಲ್ಲಿ ನಲವತ್ತೈದನೇ ಇಸವಿ ಅಂತ ಇರೋದನ್ನ ನಲವತ್ಮೂರು ಅಂತ ಮಾಡಿದ್ರೆ ಆಯ್ತು. ನಿಮ್ದೊಂದು ರುಜು ಬೇಕು."

ಹಾಲಮ್ಮ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹೆಣ್ಣುಮಕ್ಕಳ ಶಾಲೆಗಳಿಗೆ ಇನ್ಸ್‌ಪೆಕ್ಟ್ರೆಸ್ ಆಗಿ ಬಂದು ಆರು ತಿಂಗಳಾಗಿತ್ತು. ೧೯೫೮ರ ಮಾರ್ಚ್ ತಿಂಗಳು. ಅಂದು ಸೊರಬದಲ್ಲಿ ಅವರ ಕ್ಯಾಂಪು. ಹೆಗಡೆಯವರು ಜಡೆ ಗ್ರಾಮದ ಶಾಲಾ ಸಮಿತಿಯ ಅಧ್ಯಕ್ಷರು. ಅರ್ಜಿ ಅವರ ಮೊಮ್ಮಗಳು ತುಂಗಾಳ ವಿಷಯದ್ದು. ಏಳನೇ ಕ್ಲಾಸಿನ ಆ ಹುಡುಗಿಗೆ ಗೊತ್ತುಮಾಡಿದ್ದ ಗಂಡು ಕೋರ್ಟಿನಲ್ಲಿ ಗುಮಾಸ್ತ. ಕಾನೂನಿನಂತೆ ಹದಿನೈದು ತುಂಬಿದೆ ಎಂದು ಶಾಲೆಯಿಂದ ಬರೆಸಿ ತಂದರೆ ಮಾತ್ರ ಮದುವೆ ಎಂದು ಅವನ ಮನೆಯವರು ಹೇಳಿ ಕಳಿಸಿದ್ದರು. ಅರ್ಜಿಯ ಜೊತೆಗೆ ತುಂಗಾಳ ತಾಯಿ ರಾಜೀವಿಯ ಹೇಳಿಕೆಯಿತ್ತು, ರುಜು ಸಮೇತ. ರಾಜೀವಿ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು.

"ಅಪ್ಪ ಇಲ್ಲದ ಹುಡುಗಿ," ಹೆಗಡೆಯವರ ದನಿ ಮೆತ್ತಗಾಯಿತು. "ಮಗ ಹೋದ ಮೇಲೆ ಎಲ್ಲಾ ನನ್ನ ತಲೆ ಮೇಲೇ. ನನಗೆ ಅರವತ್ತೆಂಟು. ಇಂಥಾ ಸಂಬಂಧ ಮತ್ತೆ ಸಿಗ್ತದಾ? ಎರಡು ವರ್ಷ ಅಂದ್ರೆ ಎಂತ ಮಹಾ?"

"ಆ ಎರಡು ವರ್ಷ ಹುಡುಗೀದು ಹೆಗಡೇರೆ. ಕೊಡಾಕೆ ನಂದಲ್ಲ, ತಗೊಳ್ಳಾಕೆ ನಿಮ್ದಲ್ಲ."

ಹೆಗಡೆಯವರು ನೆಟ್ಟಗೆ ಕೂತರು. "ನಿಮಗಿಂತ ಮುಂಚೆ ಈ ಕುರ್ಚೀಲಿ ಇದ್ದವರು ವಕೀಲಿಕೆ ಮಾಡಿ ಬಂದವರು. ಅವರಿಗಿಂತ ಮುಂಚಿನವರು ಸಂಸ್ಕೃತ ಪಂಡಿತರು. ಇಬ್ಬರೂ ಇಂಥದ್ದಕ್ಕೆಲ್ಲ ತಕರಾರು ತೆಗೆದವರಲ್ಲ."

"ಯಾವ ಮಗು ಎಂದು ಹುಟ್ಟಿತು ಅಂತ ಅವರಿಗೆ ಗೊತ್ತಿರ್ಲಿಲ್ಲ, ನಂಗೊತ್ತು. ನಿಮ್ಮ ತುಂಗಾನ್ನ ಮೊದ್ಲು ಎತ್ತಿಕೊಂಡೋಳೇ ನಾನು. ಬಟ್ಟೆಗೂ ರೇಷನ್ ಇದ್ದ ಕಾಲ. ಕೂಸಿಗೆ ನಾಲ್ಕು ಗಜ ಮಲ್ಲು ಬಟ್ಟೆ ಬೇಕು ಅಂತ ನನ್ನ ಕೈಲಿ ಚೀಟಿ ಬರೆಸ್ಕೊಂಡು ಹೋದೋರು ನೀವೇ. ನಾನು ಇಲ್ಲಿ ಆಸ್ಪತ್ರೆಗೆ ಬಂದಿದ್ದೇ ನಲವತ್ನಾಲ್ಕರ ಕೊನ್ಯಾಗೆ. ನಲವತ್ಮೂರ್ರಾಗೆ ಹುಟ್ಟಿದ ಕೂಸಿನ ಹೆರಿಗೆ ಹೆಂಗ್ರೀ ಮಾಡ್ಸಿರ್ತೀನಿ?"

ಹೆಗಡೆಯವರು ಮುಂದಕ್ಕೆ ಬಾಗಿದರು. "ಆ ವಿಷಯ ನಾನು ಇಷ್ಟು ದಿನ ಯಾರ ಹತ್ರವೂ ಎತ್ತಿಲ್ಲ. ಹೊರಗೆ ಮೇಷ್ಟ್ರುಗಳೆಲ್ಲ ಕೂತಿದಾರೆ. ತಮ್ಮ ಮೇಲಿನ ಅಧಿಕಾರಿ ಸೂಲಗಿತ್ತಿ ಅಂತ ಗೊತ್ತಾದ್ರೆ ನಿಮ್ಮ ಮರ್ಯಾದೆ ಎಂತ ಆಗ್ತದೆ, ಯೋಚನೆ ಮಾಡಿ."

ಹಾಲಮ್ಮ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದರು. ಜಗಲಿಯ ಮೇಲೆ ಹತ್ತು ಹದಿನೈದು ಮಂದಿ ಉಪಾಧ್ಯಾಯರು ಹಾಜರಿ ಪುಸ್ತಕ ಹಿಡಿದು ಕಾಯುತ್ತಿದ್ದರು.

"ಮೇಷ್ಟ್ರೇ, ಎಲ್ರೂ ಇಲ್ಲಿ ಕೇಳ್ರಿ. ನಾನು ಈ ಊರಾಗೆ ಮೂರು ವರ್ಷ ಸೂಲಗಿತ್ತಿ ಕೆಲಸ ಮಾಡೀನಿ. ಆಮೇಲೆ ಟ್ರೈನಿಂಗ್ ಮುಗ್ಸಿ ಎಂಟು ವರ್ಷ ಪಾಠ ಹೇಳೀನಿ. ಹೆರಿಗೆ ಮಾಡಿಸಿದ ಕೈಯಾಗೆ ಹಾಜರಿ ಪುಸ್ತಕ ಕೊಡಾಕೆ ಯಾರಿಗಾದ್ರೂ ಮನಸ್ಸಿಲ್ಲ ಅಂದ್ರೆ ಈಗ್ಲೇ ಎದ್ದು ಹೋಗ್ರಿ."

ಇಬ್ಬರು ಮುಖ ಮುಖ ನೋಡಿಕೊಂಡರು. ಯಾರೋ ಕೆಮ್ಮಿದರು. ಎದ್ದವರು ಯಾರೂ ಇಲ್ಲ.

ಹಾಲಮ್ಮ ಬಾಗಿಲನ್ನು ಹಾಗೇ ಬಿಟ್ಟು ಬಂದು ಅರ್ಜಿಯ ಮೇಲೆ 'ತಿರಸ್ಕರಿಸಿದೆ' ಎಂದು ಬರೆದರು. ಹೆಗಡೆಯವರ ಮುಖ ಕೆಂಪಾಯಿತು. "ನಾನು ಮೇಲಿನವರ ತನಕ ಹೋಗ್ತೇನೆ. ಹೆತ್ತ ತಾಯಿಯೇ ರುಜು ಹಾಕಿ ಕೊಟ್ಟಿದಾಳೆ. ಅದಕ್ಕೂ ಬೆಲೆ ಇಲ್ವಾ?"

"ಬೆಲೆ ಅದೆ. ತಾಯಿ ಬಾಯಾಗೇ ಕೇಳೋಣ," ಎಂದು ಹಾಲಮ್ಮ ಬೆಂಚಿನ ಕಡೆ ತಿರುಗಿದರು. "ರಾಜೀವಿ, ನೀನೇ ಹೇಳವ್ವ."

ಮಾವನ ಮನೆ ಬಿಟ್ಟರೆ ರಾಜೀವಿಗೆ ಬೇರೆ ಮನೆಯಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು. ಅವಳು ಎದ್ದು ಮೇಜಿನ ಹತ್ತಿರ ಬಂದಳು. ಮಾವನ ಕಡೆ ನೋಡಲಿಲ್ಲ.

"ಪೆನ್ನು ಕೊಡಿ ಹಾಲಮ್ಮನೋರೇ."

ತನ್ನ ಹೇಳಿಕೆಯ ಕಾಗದವನ್ನು ಎಳೆದುಕೊಂಡು ರುಜುವಿನ ಮೇಲೆ ಒಂದು ಗೀಟು ಹಾಕಿದಳು. ಸಾಲದೆಂಬಂತೆ ಇನ್ನೊಂದು. ನಿಬ್ಬು ಕಾಗದವನ್ನು ಹರಿಯಿತು. "ನಾನು ಹೆತ್ತಿದ್ದು ಯಾವಾಗ ಅಂತ ನನಗೆ ನೆನಪಿದೆ ಮಾವ," ಎಂದಳು. ಅದು ಜಗಲಿಯ ತನಕ ಕೇಳಿಸಿತು.

ಜಡೆಯ ಬಸ್ಸಿಗೆ ಇಬ್ಬರೂ ನಡೆದೇ ಹೋದರು. ಹೆಗಡೆಯವರು ಮುಂದೆ, ರಾಜೀವಿ ಹತ್ತು ಮಾರು ಹಿಂದೆ. ಆ ವರ್ಷ ಮದುವೆ ನಡೆಯಲಿಲ್ಲ. ಗುಮಾಸ್ತನ ಮನೆಯವರು ಬೇರೆ ಕಡೆ ಹೆಣ್ಣು ನೋಡಿಕೊಂಡರು. ಜೂನ್‌ನಲ್ಲಿ ತುಂಗಾ ಎಂಟನೇ ಕ್ಲಾಸಿಗೆ ಬಂದು ಕೂತಳು.

ಹೆಗಡೆಯವರೂ ಹೇಳಿದಂತೆ ಮಾಡಿದ್ದರು. ಮಳೆಗಾಲದಲ್ಲಿ ಹಾಲಮ್ಮನಿಗೆ ಮೇಲಿನ ಕಚೇರಿಯಿಂದ ಒಂದು ಮೆಮೊ ಬಂತು: ತಾವು ಈ ಹುದ್ದೆಗೆ ಯೋಗ್ಯರಲ್ಲವೆಂದು ದೂರು ಬಂದಿದೆ, ತಮ್ಮ ಹಿಂದಿನ ಉದ್ಯೋಗ ಮತ್ತು ಅನುಭವದ ವಿವರವನ್ನು ಏಳು ದಿನದೊಳಗೆ ಸಲ್ಲಿಸತಕ್ಕದ್ದು. ಹಾಲಮ್ಮ ಏಳು ದಿನ ಕಾಯಲಿಲ್ಲ. ಅಂದೇ ತಮ್ಮ ಕೈಯಿಂದಲೇ ಉತ್ತರ ಬರೆದು ಟಪಾಲಿಗೆ ಹಾಕಿದರು:

"ಹಿಂದಿನ ಉದ್ಯೋಗ: ಸೂಲಗಿತ್ತಿ. ಸೊರಬ ತಾಲ್ಲೂಕಿನಲ್ಲಿ ನಾನು ಮಾಡಿಸಿದ ಹೆರಿಗೆಗಳು ಇನ್ನೂರ ಹದಿನಾಲ್ಕು. ಅವುಗಳಲ್ಲಿ ಬದುಕಿದ ಹೆಣ್ಣುಮಕ್ಕಳು ತೊಂಬತ್ತೊಂದು. ಈ ತಾರೀಖಿಗೆ ಶಾಲೆಯ ಹಾಜರಿಯಲ್ಲಿ ಹೆಸರಿರುವವರು ಹದಿಮೂರು. ಈಗಿನ ಉದ್ಯೋಗ: ಉಳಿದ ಎಪ್ಪತ್ತೆಂಟು ಮಕ್ಕಳು ಎಲ್ಲಿದ್ದಾರೆಂದು ಹುಡುಕುವುದು."